200 ಜನ ಆಮೇಲೆ, ಮೊದಲು ಗಾಡಿಗೆ ಹೇಳಿ

"ನಮ್ಮದು 30 ಜನರ ಗಾಳದ ಕ್ಲಬ್, ಮೊದಲ ಸಲ ಕಡಲತೀರ ಸ್ವಚ್ಛತೆ ಇಟ್ಟುಕೊಂಡಿದ್ದೇವೆ, ಅದೇ ದಿನ ಮಕ್ಕಳಿಗೆ ಗಾಳದ ಸ್ಪರ್ಧೆಯೂ ಇದೆ, 200 ಜನರನ್ನು ಸೇರಿಸುವುದು ಹೇಗೆ" ಅಂತ ಕೇಳಿದ್ದೀರಿ. ಓದಿ ಮೊದಲು ನಗು ಬಂತು. ಆಮೇಲೆ ಹೊಟ್ಟೆಯಲ್ಲಿ ಸಣ್ಣ ಸಂಕಟ. ನಾನು ನಮ್ಮ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ ವರ್ಷ ನನ್ನ ತಲೆಯಲ್ಲಿ ಇದ್ದದ್ದೂ ಇದೇ ಲೆಕ್ಕ. ಗುರಿ 150 ಇತ್ತು, ಬಂದವರು 170.

ಜನ ಸೇರಿಸುವುದು ಕಷ್ಟವೇ ಅಲ್ಲ. ಟೀ ಶರ್ಟ್ ಕೊಡುತ್ತೇವೆ ಅಂದರೆ ಬರುತ್ತಾರೆ, ಫೋಟೋ ತೆಗೆಯುತ್ತಾರೆ ಅಂದರೆ ಇನ್ನೂ ಜಾಸ್ತಿ ಬರುತ್ತಾರೆ. ನಾವು ದೊಡ್ಡ ಫ್ಲೆಕ್ಸ್ ಕಟ್ಟಿದೆವು. ಬೆಳಿಗ್ಗೆ ಆರೂವರೆಗೆ ಶುರು, ಒಂಬತ್ತೂವರೆಗೆ 94 ಚೀಲ ತುಂಬಿತ್ತು. ಚೀಲಗಳ ಗುಡ್ಡದ ಮುಂದೆ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡೆವು. ಹತ್ತು ಗಂಟೆಗೆ ತೀರ ಖಾಲಿ. ನಾನು, ಖಜಾಂಚಿ ಮತ್ತು 94 ಚೀಲ ಉಳಿದೆವು.

ಗಾಡಿ ಬರಲಿಲ್ಲ.

ಈ ಭಾಗ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ವಾರದ ಮೊದಲೇ ಕಸದ ಗಾಡಿಯವರಿಗೆ ಫೋನ್ ಮಾಡಿದ್ದೆ. "ಭಾನುವಾರ ಕಾರ್ಯಕ್ರಮ ಇದೆ, ಗಾಡಿ ಬರುತ್ತಾ?" ಅಂದೆ. "ಬರುತ್ತೆ ಸಾರ್" ಅಂದರು. ನಾನು ಫೋನ್ ಇಟ್ಟೆ. ಯಾವತ್ತು ಬರುತ್ತೆ ಅಂತ ಕೇಳಲಿಲ್ಲ. ಅವರ ಲೆಕ್ಕದಲ್ಲಿ ಭಾನುವಾರ ಕಾರ್ಯಕ್ರಮ, ಸೋಮವಾರ ಗಾಡಿ. ಯಾಕೆಂದರೆ ಭಾನುವಾರ ಕಸ ಇಳಿಸುವ ಜಾಗದ ಗೇಟ್ ತೆಗೆಯುವುದಿಲ್ಲ. ಇದು ಅವರಿಗೆ ಸೂರ್ಯ ಪೂರ್ವಕ್ಕೆ ಹುಟ್ಟುತ್ತಾನೆ ಅನ್ನುವಷ್ಟು ಗೊತ್ತಿರುವ ವಿಷಯ, ಹಾಗಾಗಿ ಹೇಳಲಿಲ್ಲ. ಅವರದು ಸುಳ್ಳೂ ಅಲ್ಲ, ತಪ್ಪೂ ಅಲ್ಲ. ಕೇಳಬೇಕಾದವನು ನಾನು.

ಅಷ್ಟಕ್ಕೇ ನಿಂತಿದ್ದರೂ ಬಚಾವಾಗುತ್ತಿದ್ದೆವು. "ಒಂದು ರಾತ್ರಿ ತಾನೇ" ಅಂತ ಇಬ್ಬರೂ ಸೇರಿ ಚೀಲಗಳನ್ನು ಮೇಲಕ್ಕೆ ಎಳೆದೆವು. ಎಷ್ಟು ಮೇಲೆ? ಹಿಂದಿನ ಉಬ್ಬರದ ಒದ್ದೆ ಗುರುತು ಮರಳಿನ ಮೇಲೆ ಚೆನ್ನಾಗಿ ಕಾಣುತ್ತಿತ್ತು. ಅದರಿಂದ ನಾಲ್ಕು ಹೆಜ್ಜೆ ಮೇಲೆ ಸಾಲಾಗಿ ಇಟ್ಟೆವು. ಆವತ್ತು ಅಮಾವಾಸ್ಯೆ. ಅಮಾವಾಸ್ಯೆಗೆ ಉಬ್ಬರ ದೊಡ್ಡದು ಅಂತ ಯಾರಿಗೆ ಗೊತ್ತಿಲ್ಲ? ಅಂದರೆ ಇವತ್ತಿನ ಗುರುತೇ ಎಲ್ಲಕ್ಕಿಂತ ಮೇಲಿನದು, ನಾಳೆಯಿಂದ ಇಳಿಯುತ್ತದೆ ಅಂದುಕೊಂಡೆವು.

ತಪ್ಪು ಇಲ್ಲೇ. ಸೂರ್ಯ ಚಂದ್ರ ಒಂದೇ ಸಾಲಿಗೆ ಬಂದು ಎಳೆಯುವುದು ಅಮಾವಾಸ್ಯೆಗೆ, ನಿಜ. ಆದರೆ ಸಮುದ್ರ ಆ ಎಳೆತಕ್ಕೆ ತಕ್ಷಣ ಓಗೊಡುವುದಿಲ್ಲ. ಹೆಚ್ಚಿನ ಕಡೆ ಅತಿ ದೊಡ್ಡ ಉಬ್ಬರ ಬರುವುದು ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ. ಇನ್ನೊಂದು, ದಿನಕ್ಕೆ ಎರಡು ಉಬ್ಬರ ಬರುವ ಕಡೆ ಎರಡೂ ಒಂದೇ ಎತ್ತರ ಇರಬೇಕು ಅಂತೇನಿಲ್ಲ. ನಾವು ನೋಡಿದ್ದು ಸಣ್ಣದರ ಗುರುತು, ರಾತ್ರಿ ಬಂದದ್ದು ದೊಡ್ಡದು. ಅದರ ಮೇಲೆ ಕಡಲ ಕಡೆಯಿಂದ ಗಾಳಿ ಬೇರೆ. ನಾಚಿಕೆಯ ವಿಷಯ ಏನು ಗೊತ್ತಾ? ಉಬ್ಬರ-ಇಳಿತದ ಪಟ್ಟಿ ನನ್ನ ಜೇಬಿನ ಫೋನಿನಲ್ಲೇ ಇತ್ತು. ಮೀನಿಗೆ ಹೋಗುವಾಗ ದಿನಾ ನೋಡುವವನು ನಾನು. ಆವತ್ತು ಮಾತ್ರ ಇಳಿತ ಎಷ್ಟು ಹೊತ್ತಿಗೆ ಅಂತ ನೋಡಿ ಮುಚ್ಚಿಟ್ಟಿದ್ದೆ.

ಸೋಮವಾರ ಬೆಳಿಗ್ಗೆ ಹೋದರೆ 94ರಲ್ಲಿ ನೆಟ್ಟಗೆ ಇದ್ದದ್ದು 41. ಕಸದಲ್ಲಿದ್ದ ಗಾಳದ ಎರೆಯ ವಾಸನೆಗೆ ನಾಯಿಗಳು ಕೆಲವನ್ನು ಹರಿದಿದ್ದವು, ಉಳಿದದ್ದನ್ನು ನೀರು ನೋಡಿಕೊಂಡಿತ್ತು. ಒಂದು ಚೀಲ ಈಗಲೂ ಕಣ್ಣ ಮುಂದೆ ಇದೆ. ಅದರ ಬಾಯಿಯನ್ನು ನಾನೇ ಕಟ್ಟಿದ್ದೆ, ಗಾಳಕ್ಕೆ ಹಾಕುವ ಗಂಟನ್ನೇ ಹಾಕಿ. ಗಂಟು ಒಂದು ಎಳೆಯೂ ಸಡಿಲವಾಗಿರಲಿಲ್ಲ. ಕೆಳಗೆ ಹೊಟ್ಟೆ ಸೀಳಿ ಚೀಲ ಪೂರ್ತಿ ಖಾಲಿ. ಮೊದಲ ದಿನ ಕಸ ಒಂದೊಂದು ಕಡೆ ಗುಂಪಾಗಿ ಸಿಕ್ಕಿತ್ತು, ಈಗ ತೀರದುದ್ದಕ್ಕೂ ಎರಚಿದ ಹಾಗೆ ಬಿದ್ದಿತ್ತು. ಜೊತೆಗೆ ನಾವೇ ದುಡ್ಡು ಕೊಟ್ಟು ತಂದ 53 ಪ್ಲಾಸ್ಟಿಕ್ ಚೀಲ ಹೊಸ ಕಸ. ಹಿಂದಿನ ದಿನದ 170 ಜನರಿಗೂ ಮೆಸೇಜ್ ಹಾಕಿದೆ. ಬಂದವರು 11. ಮಧ್ಯಾಹ್ನದವರೆಗೆ ಹೆಕ್ಕಿದೆವು. ಗಾಡಿಯ ಡ್ರೈವರ್ ಸ್ವಲ್ಪ ಹೊತ್ತು ನೋಡಿ, ಏನೂ ಮಾತಾಡದೆ ಇಳಿದು ಬಂದು ತಾನೂ ಹೆಕ್ಕಲು ಶುರು ಮಾಡಿದ.

ಆದ್ದರಿಂದ 200 ಜನ ಯಾಕೆ ಬೇಕು ಅಂತ ನಾನೇ ನಿಮ್ಮನ್ನು ಕೇಳುತ್ತೇನೆ. ನಮ್ಮಲ್ಲಿ ಆವತ್ತಿನಿಂದ ಆ 11 ಜನರೇ ತಿಂಗಳಿಗೊಮ್ಮೆ ಹೋಗುತ್ತೇವೆ, ಒಮ್ಮೊಮ್ಮೆ 15 ಆಗುತ್ತದೆ. ಗಾಡಿ ಎಷ್ಟು ಹೊರುತ್ತದೋ ಅಷ್ಟೇ ಹೆಕ್ಕುತ್ತೇವೆ, ಅದು ತುಂಬಿದ ಮೇಲೆ ಕೈ ತೊಳೆದುಕೊಳ್ಳುವುದು. ದಿನ ಆರಿಸುವುದು ಅಮಾವಾಸ್ಯೆ, ಹುಣ್ಣಿಮೆ ಕಳೆದು ನಾಲ್ಕೈದು ದಿನಕ್ಕೆ. ಆಗ ದೊಡ್ಡ ಉಬ್ಬರ ತಂದು ಹಾಕಿದ ಕಸ ಮೇಲಿನ ಗೆರೆಯಲ್ಲಿ ಒಣಗಿ ಕೂತಿರುತ್ತದೆ, ಅಷ್ಟಮಿಯ ಕಡೆಗೆ ಉಬ್ಬರವೂ ದಿನದಿನಕ್ಕೆ ಸಣ್ಣದಾಗುತ್ತಿರುತ್ತದೆ.

ಚೀಲ ಎಣಿಸಬೇಡಿ. ನಮ್ಮ 94ರ ಬಣ್ಣ ಹೇಳಿಬಿಡುತ್ತೇನೆ: ಜಾಸ್ತಿ ಚೀಲ ತುಂಬಿದವರಿಗೆ ಬಹುಮಾನ ಅಂದಿದ್ದೆವು. ಒಬ್ಬ ಹುಡುಗ ಒದ್ದೆ ಮರಳು ತುಂಬಿ ಗೆದ್ದ. ಬುದ್ಧಿವಂತ. ದೊಡ್ಡವರು ಕಡಲಪಾಚಿ ತುಂಬಿದರು, ಅದು ಇನ್ನೂ ಕೆಟ್ಟದ್ದು. ದಡಕ್ಕೆ ಬಿದ್ದ ಪಾಚಿ ಕಸ ಅಲ್ಲ. ಅದರ ಕೆಳಗೆ ಸಣ್ಣ ಹುಳಗಳು ಬದುಕುತ್ತವೆ, ತೀರದ ಹಕ್ಕಿಗಳು ಅವನ್ನು ತಿನ್ನುತ್ತವೆ. ಅದರಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಬಿಡಿಸಿಕೊಂಡು ಪಾಚಿಯನ್ನು ಅಲ್ಲೇ ಬಿಡಿ. 1986ರಲ್ಲಿ ಟೆಕ್ಸಾಸ್ ತೀರದಲ್ಲಿ ಶುರುವಾದ ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತೆಯಲ್ಲಿ ಮೊದಲಿನಿಂದಲೂ ಏನೇನು ಸಿಕ್ಕಿತು ಅಂತ ಬಗೆಬಗೆಯಾಗಿ ಬರೆದಿಡುತ್ತಾರೆ. ಹೆಚ್ಚಿನ ವರ್ಷಗಳಲ್ಲಿ ಸಿಗರೇಟ್ ತುಂಡೇ ಅತಿ ಹೆಚ್ಚು ಸಿಗುವ ಕಸ ಅಂತ ಜಗತ್ತಿಗೆ ಗೊತ್ತಾದದ್ದು ಇಂಥ ಎಣಿಕೆಯಿಂದ. ಅದರ ಫಿಲ್ಟರ್ ಹತ್ತಿಯ ಹಾಗೆ ಕಾಣುತ್ತದೆ, ಆದರೆ ಅದೂ ಒಂದು ಬಗೆಯ ಪ್ಲಾಸ್ಟಿಕ್ಕೇ.

ನಾವೂ ಬರೆಯಲು ಶುರು ಮಾಡಿದ ಮೇಲೆ ಗೊತ್ತಾಯಿತು, ಬಂಡೆಗಳ ಹತ್ತಿರ ಸಿಗುವುದರಲ್ಲಿ ಮುಕ್ಕಾಲು ಪಾಲು ನಮ್ಮ ಜಾತಿಯವರದೇ, ಗಾಳದವರದು! ತುಂಡಾದ ನೈಲಾನ್ ದಾರ, ಸೀಸದ ಗುಂಡು, ಎರೆಯ ಪ್ಯಾಕೆಟ್. ಬೇರೆಯವರ ಬಾಟಲಿ ಹೆಕ್ಕಿ ಬೀಗುವ ಮೊದಲು ಇದನ್ನು ನೋಡಬೇಕಿತ್ತು. ದಾರ ನೀರಿನಲ್ಲಿ ಕಾಣುವುದಿಲ್ಲ, ಅದೇ ಅದರ ಗುಣ, ಅದಕ್ಕೇ ಹಕ್ಕಿಯ ಕಾಲಿಗೂ ಸುತ್ತಿಕೊಳ್ಳುತ್ತದೆ. ಸೀಸದ ಗುಂಡನ್ನು ಹಂಸಗಳು ಕಲ್ಲಿನ ಹರಳು ಅಂದುಕೊಂಡು ನುಂಗಿ ಸಾಯುತ್ತಿದ್ದವು ಅಂತ ಬ್ರಿಟನ್ನಿನಲ್ಲಿ 1987ರಲ್ಲಿ ಸಣ್ಣ ಸೀಸದ ಗುಂಡುಗಳಿಗೆ ತಡೆ ಹಾಕಿದರು.

ನಿಮ್ಮ ಕ್ಲಬ್ ಒಂದೇ ಒಂದು ಕೆಲಸ ಮಾಡುವುದಾದರೆ ತುಂಡಾದ ದಾರ ಹಾಕಲು ಒಂದು ಡಬ್ಬಿ ಮಾಡಿ. ದಪ್ಪ ಪಿವಿಸಿ ಪೈಪ್ ನಿಲ್ಲಿಸಿ, ಮೇಲೆ ಬಾಗಿದ ಎಲ್ಬೋ ಕೂರಿಸಿ. ಬಾಯಿ ಮೇಲಕ್ಕೆ ಇಟ್ಟರೆ ಮಳೆ ತುಂಬುತ್ತದೆ, ಆದ್ದರಿಂದ ಪಕ್ಕಕ್ಕೋ ಕೆಳಕ್ಕೋ ತಿರುಗಿರಲಿ. ಅಡಿಗೆ ತಿರುಗಿಸಿ ತೆಗೆಯುವ ಮುಚ್ಚಳ. ಗಾಳ ಹಾಕುವವರು ಹೆಚ್ಚು ನಿಲ್ಲುವ ಕಡೆ ಕಟ್ಟಿ, ವಾರಕ್ಕೊಮ್ಮೆ ಖಾಲಿ ಮಾಡುವವರ ಹೆಸರು ಮೊದಲೇ ಬರೆದಿಡಿ. ಒಂಟಿ ಎಳೆಯ ನೈಲಾನ್ ದಾರವನ್ನು ಮರುಬಳಕೆಗೆ ತೆಗೆದುಕೊಳ್ಳುವವರಿದ್ದಾರೆ, ಹೆಣೆದ ದಾರವನ್ನು ಅದರ ಜೊತೆ ಬೆರೆಸಬೇಡಿ. ಮಾಮೂಲಿ ಕಸಕ್ಕೆ ಹಾಕುವುದಾದರೆ ಚಿಕ್ಕ ಚಿಕ್ಕ ತುಂಡು ಮಾಡಿ ಹಾಕಿ.

ಮಕ್ಕಳ ಸ್ಪರ್ಧೆ ಅದೇ ದಿನ ಬೇಡ, ಖಂಡಿತ ಬೇಡ. ಒಂದು ಕಡೆ ಗಾಳ ಬೀಸುತ್ತಿರುತ್ತಾರೆ, ಇನ್ನೊಂದು ಕಡೆ ಜನ ಬಗ್ಗಿ ಹೆಕ್ಕುತ್ತಿರುತ್ತಾರೆ, ಯೋಚನೆ ಮಾಡಿ. ಬೇರೆ ದಿನ ಕರೆಯಿರಿ. ಸ್ಪರ್ಧೆಯ ಬದಲು ಗಂಟು ಹಾಕುವುದು, ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳುವುದು, ಅದರ ಮೈಮೇಲಿನ ಲೋಳೆ ಹೋಗದ ಹಾಗೆ ವಾಪಸ್ ಬಿಡುವುದು, ಇಷ್ಟು ಕಲಿಸಿ. ಹೆಕ್ಕುವ ದಿನ ಕೈಗವಸು ಎಲ್ಲರಿಗೂ ಇರಲಿ, ಆದರೂ ಪಾಚಿಯೊಳಗೆ ಕೈ ತೂರಿಸಬಾರದು. ಗಾಳದ ಮುಳ್ಳು ಬೆರಳೊಳಗೆ ಹೊಕ್ಕರೆ ಬಂದ ದಾರಿಯಲ್ಲೇ ಕಿತ್ತರೆ ಮಾಂಸವೂ ಬರುತ್ತದೆ. ನೇರ ಡಾಕ್ಟರ ಹತ್ತಿರ ಹೋಗಿ, ಟಿಟಿ ಇಂಜೆಕ್ಷನ್ ಬೇಕಾ ಅಂತಲೂ ಕೇಳಿ.

ನಾಳೆಯೇ ಗಾಡಿಯವರಿಗೆ ಫೋನ್ ಮಾಡಿ. ಯಾವತ್ತು, ಎಷ್ಟು ಹೊತ್ತಿಗೆ, ಆವತ್ತು ಗೇಟ್ ತೆಗೆದಿರುತ್ತಾ, ಡ್ರೈವರ್ ನಂಬರ್ ಏನು, ನಾಲ್ಕನ್ನೂ ಕೇಳಿ. ಫ್ಲೆಕ್ಸ್ ಮಾಡಿಸುವುದಾದರೆ ಮಾಡಿಸಿ, ನಾನು ಬೇಡ ಅನ್ನುವುದಿಲ್ಲ. ನಮ್ಮದು ಇನ್ನೂ ಇದೆ. ಮರಳಿನ ಮೇಲೆ ಅಂಗಾತ ಹಾಸಿ, ಅದರ ಮೇಲೆ ಕಸ ಸುರಿದು ಬೇರೆ ಮಾಡುತ್ತೇವೆ.