ತಪ್ಪು ಪಾಸ್‌ವರ್ಡ್ ಕೊಟ್ಟರೂ ಒಳಗಿನ ಪುಟ ತೆರೆಯುವುದೇಕೆ?

ನಿಮ್ಮ ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ತಪ್ಪಿದ್ದರೂ ಮುಂದಿನ ಪುಟ ತೆರೆಯುತ್ತದೆ, ಫೆಚ್‌ನ (ಸರ್ವರಿಗೆ ಕೋರಿಕೆ ಕಳಿಸುವ ಜಾವಾಸ್ಕ್ರಿಪ್ಟ್ ಸೌಲಭ್ಯ) ಕ್ಯಾಚ್ ಭಾಗ, ಅಂದರೆ ಕೋರಿಕೆ ವಿಫಲವಾದಾಗ ಓಡಬೇಕಾದ ಕೋಡ್, ಓಡುವುದೇ ಇಲ್ಲ ಎಂದಿದ್ದೀರಿ. ದೋಷ ಸರ್ವರಿನದಲ್ಲ. ಸರ್ವರ್ 401 (ಗುರುತು ಒಪ್ಪಲಿಲ್ಲ ಎಂಬ ಸ್ಟೇಟಸ್ ಸಂಖ್ಯೆ) ಎಂದು ಹೇಳಿ ಕಳಿಸಿದರೂ ಫೆಚ್‌ನ ಲೆಕ್ಕದಲ್ಲಿ ಅದೂ ಒಂದು ಉತ್ತರವೇ. ನೆಟ್‌ವರ್ಕ್ ಕೈಕೊಟ್ಟಂಥ ಸಂದರ್ಭಗಳಲ್ಲಷ್ಟೇ ಕ್ಯಾಚ್‌ಗೆ ಕೆಲಸ. ಹಾಗಾಗಿ ಮೊದಲು ರೆಸ್ಪಾನ್ಸ್‌ನಲ್ಲಿ, ಅಂದರೆ ಸರ್ವರಿನಿಂದ ಬಂದ ಉತ್ತರದಲ್ಲಿ, ‘ಓಕೆ’ ಎಂಬುದರ ಬೆಲೆ ನೋಡಿ. ಸ್ಟೇಟಸ್ 200ರಿಂದ 299ರೊಳಗಿದ್ದರೆ ಮಾತ್ರ ಅದು ‘ಟ್ರೂ’ ಆಗಿರುತ್ತದೆ. ಪುಟ ಬದಲಿಸುವುದು ಆಮೇಲೆ.

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದಕ್ಕೆ ಲೆಕ್ಕದ ಆ್ಯಪ್ ಬರೆಯುವಾಗ ನಾನೂ ಇಲ್ಲೇ ಎಡವಿದ್ದೆ. ಗುಮಾಸ್ತರು ಏನು ಒತ್ತಿದರೂ ಮೇಲೆ ‘ಸ್ವಾಗತ’, ಕೆಳಗೆ ಖಾಲಿ ಖಾತೆ!

401 ಬಂದರೆ ‘ಹೆಸರು ಅಥವಾ ಪಾಸ್‌ವರ್ಡ್ ತಪ್ಪಾಗಿದೆ’ ಎಂದಷ್ಟೇ ತೋರಿಸಿ. ಯಾವುದು ತಪ್ಪೆಂದು ಬಿಡಿಸಿ ಹೇಳಿದರೆ ಕಳ್ಳನಿಗೆ ಅರ್ಧ ಬೀಗ ತೆಗೆದುಕೊಟ್ಟಂತೆ. 429 (ಕೋರಿಕೆಗಳು ಮಿತಿಮೀರಿದವು) ಬಂದರೆ ಸ್ವಲ್ಪ ಕಾಯಲು ಹೇಳಿ. 500ರ ಸಾಲಿನವು, ಅಂದರೆ ಸರ್ವರಿನದೇ ದೋಷ ಎಂಬ ಸಂಖ್ಯೆಗಳು, ಬಂದಾಗ ತಪ್ಪನ್ನು ಬಳಕೆದಾರರ ತಲೆಗೆ ಕಟ್ಟಬೇಡಿ. ಇನ್ನೊಂದು ಮಾತು: ಸರ್ವರ್ ಕೆಟ್ಟಾಗ ಜೇಸನ್ (ಮಾಹಿತಿಯನ್ನು ಅಚ್ಚುಕಟ್ಟಾಗಿ ಕಳಿಸುವ ಪಠ್ಯರೂಪ) ಬದಲು ಎಚ್‌ಟಿಎಂಎಲ್ ಪುಟ ಬರುವುದುಂಟು. ಅದನ್ನು ಹಾಗೆಯೇ ಜೇಸನ್ ಎಂದು ಓದಲು ಹೋದರೆ ಕೋಡ್ ಅಲ್ಲೇ ಮುಗ್ಗರಿಸುತ್ತದೆ. ಮೊದಲು ಕಂಟೆಂಟ್-ಟೈಪ್ ಹೆಡರ್ (ಬಂದದ್ದು ಯಾವ ಬಗೆಯದೆಂದು ಹೇಳುವ ಸಾಲು) ನೋಡಿಕೊಳ್ಳಿ.