ಸಾಕ್ಷಿ ಹುಡುಕುವುದು ನಿಮ್ಮ ಕೆಲಸವಲ್ಲ

ಸಕಲೇಶಪುರದ ಶಿಶುವಿಹಾರದ ಶಿಕ್ಷಕಿಯವರೇ, ವ್ಯಾನ್ ಬಂದೊಡನೆ ಮಗು ಕಿಟಕಿಯ ಸರಳು ಹಿಡಿದು ಅಳುತ್ತದೆ, 'ಡ್ರೈವರ್ ಮಾಮ ಮುಟ್ಟುತ್ತಾರೆ' ಎನ್ನುತ್ತದೆ, ಆದರೆ ಸಾಕ್ಷಿಯಿಲ್ಲ, ಮುಖ್ಯಸ್ಥರು ಸುಮ್ಮನಿರಿ ಎನ್ನುತ್ತಾರೆ ಎಂದು ಬರೆದಿದ್ದೀರಿ.

ಇಷ್ಟು ಅನುಮಾನವೇ ಸಾಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟರೆ 6 ತಿಂಗಳವರೆಗೆ ಸೆರೆ ಅಥವಾ ದಂಡ, ಇಲ್ಲವೇ ಎರಡೂ. ಆರೋಪ ತಮ್ಮ ಸಿಬ್ಬಂದಿಯ ಮೇಲಿದ್ದು ಮುಖ್ಯಸ್ಥರು ಬಾಯಿ ಮುಚ್ಚಿಕೊಂಡರೆ ಅವರಿಗೆ ಒಂದು ವರ್ಷದವರೆಗೆ ಸೆರೆಯೂ ದಂಡವೂ ಉಂಟು. ಶಾಲೆಯ ಮರ್ಯಾದೆಯ ಮಾತೆತ್ತಿದರೆ ಇದನ್ನು ಓದಿ ಹೇಳಿ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆಯಿದೆ.

ಮಗುವನ್ನು ಕೆದಕಬೇಡಿ. ಅದು ಆಡಿದ ಮಾತನ್ನು ಅದರದೇ ಪದಗಳಲ್ಲಿ, ದಿನಾಂಕ ಹಾಕಿ ಬರೆದಿಡಿ. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿರುವಂತಿಲ್ಲ, ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಠಾಣೆಗೆ ಹೋಗಲು ಅಳುಕಿದ್ದರೆ ಈಗಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.