ಎಚ್-1ಬಿ ವೀಸಾದಲ್ಲಿರುವವರು ಅಮೆರಿಕದಲ್ಲಿ ಬಿಡಿಭಾಗಗಳ ಕಿಟ್ ತರಿಸಿ ಮನೆಯಲ್ಲೇ ಬಂದೂಕು ಜೋಡಿಸಿಕೊಳ್ಳಬಹುದೇ? ಅಲ್ಲಿನ ಸುಪ್ರೀಂ ಕೋರ್ಟಿನ 2025ರ ತೀರ್ಪಿನ ನಂತರ ಕಿಟ್ ಮೇಲೋ, ಅಂಗಡಿಯ ಬಂದೂಕು ಮೇಲೋ?

ಗೆಳೆಯರ ಸಲಹೆಯಂತೆ, ‘ಕಿಟ್ ಆದರೆ ಅಂಗಡಿಯಲ್ಲಿ ಬಂದೂಕು ಕೊಳ್ಳುವಾಗಿನ ಹಿನ್ನೆಲೆ ಪರಿಶೀಲನೆಯ ಫಾರಂ ತುಂಬುವ ತಾಪತ್ರಯ ಇರುವುದಿಲ್ಲ’ ಎಂದು ಬರೆದಿದ್ದೀರಿ. 2020ರಲ್ಲಿ ನಾನೂ ಇದೇ ಮಾತನ್ನು ಆಡಿದ್ದೆ. ಆಗ ಡಲ್ಲಾಸ್ ಹತ್ತಿರ ಎಚ್-1ಬಿಯಲ್ಲಿದ್ದೆ. ಅಪ್ಪ ಪೀಣ್ಯದಲ್ಲಿ ಲೇತ್ ಮುಂದೆ ಮೂವತ್ತು ವರ್ಷ ನಿಂತವರಾದ್ದರಿಂದ ಲೋಹ ಕೊರೆಯುವ ವಾಸನೆಯೆಂದರೆ ನನಗೆ ಊರಿನ ವಾಸನೆಯೇ. ಎಆರ್-15 ಬಂದೂಕಿಗೆಂದು ‘80 ಪರ್ಸೆಂಟ್ ಲೋವರ್’ ಎಂಬ ಹೆಸರಿನಲ್ಲಿ ಮಾರುತ್ತಿದ್ದ, ಬಂದೂಕಿನ ಚೌಕಟ್ಟಾಗಲು ಇನ್ನೂ ಕೊರೆಯಬೇಕಾದ ಅಲ್ಯೂಮಿನಿಯಂ ತುಂಡನ್ನು, ಎಲ್ಲಿ ಕೊರೆಯಬೇಕೆಂದು ತೋರಿಸುವ ಅಚ್ಚು, ಅಂದರೆ ಜಿಗ್ ಸಮೇತ ತರಿಸಿಕೊಂಡೆ. ಅದರ ಮೇಲೆ ಕ್ರಮಸಂಖ್ಯೆಯಿರಲಿಲ್ಲ. ನನ್ನ ಪೂರ್ವಾಪರವನ್ನು ಯಾರೂ ವಿಚಾರಿಸಲಿಲ್ಲ. ಆಗಿನ ನಿಯಮದ ಪ್ರಕಾರ ಅದು ಬಂದೂಕೇ ಅಲ್ಲ.

ನಾನು ಕೆಟ್ಟದ್ದು ಒಂದು ದಿನಾಂಕದಿಂದ. ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದು ಅಲ್ಲಿನ ಕೇಂದ್ರ ಕಾನೂನಿನಲ್ಲಿ ಅಪರಾಧ. ಕೆಲವು ವಿನಾಯಿತಿಗಳಿದ್ದು, ನಮ್ಮಂಥವರಿಗೆ ಒದಗುವುದು ಬೇಟೆಯ ಪರವಾನಗಿ. ಇದು ನನಗೆ ಗೊತ್ತಿತ್ತು, ಪರವಾನಗಿಯನ್ನೂ ಮಾಡಿಸಿದ್ದೆ. 2019ರ ನವೆಂಬರಿನಲ್ಲಿ ಪಡೆದದ್ದು 2020ರ ನವೆಂಬರಿನವರೆಗೆ ನಡೆಯುತ್ತದೆ ಎಂದು ನಂಬಿದ್ದೆ. ಆದರೆ ಟೆಕ್ಸಾಸಿನ ಬೇಟೆ ಪರವಾನಗಿಯನ್ನು ಯಾವ ತಿಂಗಳಲ್ಲಿ ಕೊಂಡರೂ ಅದು ಆಗಸ್ಟ್ 31ಕ್ಕೆ ಮುಗಿಯುತ್ತದೆ. ಕೊಂಡ ದಿನದಿಂದ ಒಂದು ವರ್ಷ ನಡೆಯುವ ಪರವಾನಗಿಯೂ ಅಲ್ಲಿ ಇದೆ, ಆದರೆ ಅದು ಮೀನು ಹಿಡಿಯುವವರಿಗೆ! ನಾನು ಜಿಗ್‌ ಬಿಗಿದು ಕೊರೆದದ್ದು ಸೆಪ್ಟೆಂಬರ್ ಮೊದಲ ವಾರದ ಲೇಬರ್ ಡೇ ರಜೆಯಲ್ಲಿ. ನಳಿಗೆ, ಕುದುರೆ ಏನೂ ಇಲ್ಲದಿದ್ದರೂ ಕೊರೆದು ಮುಗಿದ ಆ ಚೌಕಟ್ಟೊಂದೇ ಕಾನೂನಿನ ಕಣ್ಣಿನಲ್ಲಿ ಬಂದೂಕು. ಅಂದರೆ ಅಲ್ಯೂಮಿನಿಯಂ ಸುರುಳಿಗಳನ್ನು ಗುಡಿಸಿ, ಹೆಮ್ಮೆಯಿಂದ ಫೋಟೊ ತೆಗೆದು ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿಗೆ ಕಳಿಸಿದ ಆ ಸಂಜೆ ನಾನು ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಂಡವನಾಗಿದ್ದೆ. ಆಗ ಅದಕ್ಕೆ ಗರಿಷ್ಠ ಶಿಕ್ಷೆ 10 ವರ್ಷವಿತ್ತು, 2022ರಿಂದ 15 ವರ್ಷವಾಗಿದೆ.

2022ರಲ್ಲಿ ಗ್ರೀನ್ ಕಾರ್ಡಿನ ಅರ್ಜಿ ತುಂಬುವಾಗ, ಬಂಧನವಾಗಿರದಿದ್ದರೂ ಎಂದಾದರೂ ಅಪರಾಧ ಎಸಗಿದ್ದೀರಾ ಎಂಬ ಪ್ರಶ್ನೆ ಎದುರಾಯಿತು. ವಕೀಲರು ಪರವಾನಗಿಯನ್ನೂ ಆ ಫೋಟೊವನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು, ಎರಡರ ದಿನಾಂಕವನ್ನೂ ನನ್ನಿಂದಲೇ ಓದಿಸಿದರು. ‘ಹೌದು’ ಎಂದು ಬರೆದೆ. ಮೊಕದ್ದಮೆ ಆಗಲಿಲ್ಲ, ಆದರೆ ಕಾರ್ಡು ಒಂದೂವರೆ ವರ್ಷ ತಡವಾಯಿತು, ಆ ಅವಧಿಯಲ್ಲಿ ತೀರಿಕೊಂಡ ಅಪ್ಪನ ಕಾರ್ಯಕ್ಕೆ ಊರಿಗೆ ಹೋಗುವ ಧೈರ್ಯ ನನಗಾಗಲಿಲ್ಲ.

ತೀರ್ಪಿನ ವಿಚಾರಕ್ಕೆ ಬರುತ್ತೇನೆ. ಎಲ್ಲಿಂದ ಬಂದವೆಂದು ಪತ್ತೆಹಚ್ಚಲು ಪೊಲೀಸರು ಕಳಿಸಿದ, ಮನೆಯಲ್ಲಿ ಜೋಡಿಸಿದ ಕ್ರಮಸಂಖ್ಯೆಯಿಲ್ಲದ ಇಂಥ ಬಂದೂಕುಗಳು 2017ರಲ್ಲಿ ಸುಮಾರು 1,600 ಇದ್ದದ್ದು 2021ರಲ್ಲಿ 19,000 ದಾಟಿದ್ದವು. ಹೀಗಾಗಿ 2022ರಲ್ಲಿ ಬಂದೂಕುಗಳ ನಿಯಂತ್ರಣ ನೋಡಿಕೊಳ್ಳುವ ಅಮೆರಿಕದ ಕೇಂದ್ರ ಸಂಸ್ಥೆ ಎಟಿಎಫ್, ಸುಲಭವಾಗಿ ಬಂದೂಕಾಗಬಲ್ಲ ಕಿಟ್ಟುಗಳನ್ನು ಮಾರುವವರು ಲೈಸೆನ್ಸ್ ಪಡೆಯಬೇಕು, ಕ್ರಮಸಂಖ್ಯೆ ಹಾಕಬೇಕು, ಕೊಳ್ಳುವವರ ಹಿನ್ನೆಲೆ ಪರಿಶೀಲಿಸಬೇಕು ಎಂದು ನಿಯಮ ಮಾಡಿತು. ಟೆಕ್ಸಾಸಿನ ನ್ಯಾಯಾಲಯ ಅದನ್ನು ರದ್ದುಗೊಳಿಸಿದರೂ, 2025ರ ಮಾರ್ಚ್ 26ರಂದು ಸುಪ್ರೀಂ ಕೋರ್ಟ್ 7-2ರಲ್ಲಿ ನಿಯಮವನ್ನು ಎತ್ತಿಹಿಡಿಯಿತು. ಒಂದು ಕಿಟ್ಟನ್ನು ಹಿಂದೆಂದೂ ನೋಡಿರದವರು 21 ನಿಮಿಷದಲ್ಲಿ ಜೋಡಿಸಿದ್ದನ್ನು ತೀರ್ಪು ಬರೆದ ನ್ಯಾಯಮೂರ್ತಿ ಗೊರ್ಸಚ್ ಉಲ್ಲೇಖಿಸಿದ್ದಾರೆ. ಆದರೂ ಎಲ್ಲ ಕಿಟ್ಟುಗಳೂ, ಎಲ್ಲ ಅರೆಬರೆ ಭಾಗಗಳೂ ಇದರೊಳಗೆ ಬಂದವೆಂದು ಕೋರ್ಟು ಹೇಳಿಲ್ಲ. ಆ ಉಳಿದ ಸಂದಿಯಲ್ಲಿ ತೂರಿಕೊಳ್ಳಲು ನಿಮ್ಮ ಗೆಳೆಯರು ಸಲಹೆ ಕೊಡುತ್ತಿದ್ದಾರೆ.

ನನಗಂತೂ ಈ ‘ಕಿಟ್ಟೋ, ಅಂಗಡಿಯೋ’ ಎಂಬ ಪ್ರಶ್ನೆಯೇ ತಪ್ಪು. ಆ ನಿಯಮ ಮಾರುವವರ ಕೈಕಟ್ಟುವಂಥದ್ದು. ನಿಮ್ಮ ಕೈಕಟ್ಟಿರುವುದು ನಿಮ್ಮ ವೀಸಾ. ನಾಳೆ ನಿಯಮವೇ ಬಿದ್ದುಹೋದರೂ ನಿಮ್ಮ ಸ್ಥಿತಿ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಇನ್ನು, ನೀವು ತಾಪತ್ರಯ ಎನ್ನುವ ಆ ಫಾರಂ ವೀಸಾದ ಪ್ರಶ್ನೆಯನ್ನು ನೇರವಾಗಿ ಕೇಳುತ್ತದೆ. ಅಂಗಡಿಗೆ ಹೋಗಿದ್ದರೆ ಕೌಂಟರಿನವನು ನನ್ನ ಪರವಾನಗಿ ತಿರುಗಿಸಿ ನೋಡಿ, ‘ಇದು ಮುಗಿದಿದೆ’ ಎಂದು ವಾಪಸು ಕಳಿಸುತ್ತಿದ್ದ.

ಕಿಟ್ ಈಗಾಗಲೇ ಬಂದಿದ್ದರೆ ಪೊಟ್ಟಣ ಬಿಚ್ಚಬೇಡಿ. ವಲಸೆ ಕಾನೂನು, ಬಂದೂಕಿನ ಕಾನೂನು ಎರಡನ್ನೂ ಬಲ್ಲ ವಕೀಲರನ್ನು ಕಾಣಿ. ನಾನು ಮೊದಲು ಹೋದವರು ವಲಸೆಯನ್ನಷ್ಟೇ ಬಲ್ಲವರು. ಬೇಟೆ ಪರವಾನಗಿಯಿಂದ ವಿನಾಯಿತಿ ಸಿಗುತ್ತದೆಂದು ಅವರಿಗೆ ನಾನೇ ಹೇಳಬೇಕಾಯಿತು.